ಹೊಲಿಯದೇ ಉಳಿದ ಫ್ರಾಕುಗಳ ಪೆಟ್ಟಿಗೆ

ಪ್ರಶ್ನೆ: ಹಳೆಯ ಸಾಮಾನಿನ ರಾಶಿಯಲ್ಲಿ ಒಂದು ಹೊಲಿಗೆ ಪ್ಯಾಟರ್ನ್ ಸಿಕ್ಕಿತು, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸಲು ಬೇಕಾದ ಕಾಗದದ ಪೀಸುಗಳಿರುವ ಲಕೋಟೆ. ಲಕೋಟೆ ಮೇಲಿನ ಚಿತ್ರ ಚೆನ್ನಾಗಿದೆ ಅಂತ ಸುಮ್ನೆ ಕೊಂಡೆ. ಈಗ ಅವು ನಲವತ್ತು ಆಗಿವೆ. ಬಹುಪಾಲು ಅಮೆರಿಕದ ಕಂಪನಿಗಳವು. ನನಗೆ ಹೊಲಿಗೆ ಬರುವುದು ಅಷ್ಟಕ್ಕಷ್ಟೆ. "ಹೊಲಿಯೋದಿಲ್ಲ ಅಂದಮೇಲೆ ಇವೆಲ್ಲ ಯಾಕೆ?" ಅಂತ ಮನೆಯವರು ಕೇಳುತ್ತಾರೆ. ಇವು ಯಾವ ಕಾಲದವು ಅಂತ ಗೊತ್ತುಮಾಡುವುದು ಹೇಗೆ? ಇವುಗಳಿಂದ ಹೊಲಿಯಬಹುದೇ? ಕಾಪಾಡುವುದು ಹೇಗೆ? ಮತ್ತೆ, ಈ ಹುಚ್ಚಿಗೆ ಏನಾದರೂ ಅರ್ಥ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಲವತ್ತು ಅಂದಿರಿ. ನನ್ನ ಹತ್ತಿರ ಎಷ್ಟಿವೆ ಅಂತ ಹೇಳಿದರೆ ನಿಮ್ಮ ಮನೆಯವರಿಗೆ ನೀವೇ ವಾಸಿ ಅನ್ನಿಸಿಬಿಡುತ್ತದೆ. ಆದ್ದರಿಂದ ಹೇಳುವುದಿಲ್ಲ.

ಅಂಚೆಚೀಟಿ ಕೂಡಿಡುವವರನ್ನು "ಕಾಗದ ಬರೆಯೋದಿಲ್ಲ ಅಂದಮೇಲೆ ಇವು ಯಾಕೆ?" ಅಂತ ಯಾರೂ ಕೇಳುವುದಿಲ್ಲ. ಹಳೇ ನಾಣ್ಯ ಇಟ್ಟುಕೊಂಡವರನ್ನು ಸಂತೆಗೆ ಹೋಗುತ್ತೀರಾ ಅಂತಲೂ ಕೇಳುವುದಿಲ್ಲ. ಪ್ಯಾಟರ್ನ್ ಮಾತ್ರ ಕೆಲಸದ ಸಾಮಾನು, ಅದೂ ಹೆಂಗಸರ ಕೆಲಸದ ಸಾಮಾನು. ಹಾಗಾಗಿ ಲೆಕ್ಕ ಕೇಳುತ್ತಾರೆ. ಕೇಳಲಿ ಬಿಡಿ.

ಆದರೆ ಅವರ ಮಾತಿನಲ್ಲಿ ಒಂದು ನಿಜವೂ ಇದೆ. ಪ್ಯಾಟರ್ನ್ ಅನ್ನುವುದು ಅರ್ಧ ವಸ್ತು. ಹಳೆಯ ಫ್ರಾಕು ಕೊಂಡರೆ ಅದರ ಕಥೆ ಮುಗಿದಿರುತ್ತದೆ. ಯಾರೋ ಹೊಲಿದರು, ಯಾರೋ ತೊಟ್ಟರು, ಕಂಕುಳಲ್ಲಿ ಬೆವರಿನ ಕಲೆ ಆಯಿತು, ಬಿಟ್ಟರು. ಪ್ಯಾಟರ್ನ್ ಹಾಗಲ್ಲ. ಲಕೋಟೆ ತೆರೆದಾಗ ಎರಡರಲ್ಲಿ ಒಂದು ಗೊತ್ತಾಗುತ್ತದೆ. ಒಂದೋ ಒಳಗಿನ ಕಾಗದ ಕಾರ್ಖಾನೆಯಲ್ಲಿ ಮಡಚಿದ ಹಾಗೇ ಇರುತ್ತದೆ, ಅಂದರೆ ಒಬ್ಬಾಕೆ ಆಸೆಪಟ್ಟು ಕೊಂಡು ಹೊಲಿಯದೇ ಬಿಟ್ಟಳು. ಇಲ್ಲವೇ ಪೀಸುಗಳು ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಅಡ್ಡಾದಿಡ್ಡಿ ಮಡಚಿ ತುರುಕಿರುತ್ತವೆ, ಅಂದರೆ ಹೊಲಿದಳು. ಎಪ್ಪತ್ತೆಂಬತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅದರೊಳಗಿರುತ್ತದೆ. ನಿಮ್ಮನ್ನು ಎಳೆದದ್ದು ಚಿತ್ರ ಅಂದುಕೊಂಡಿದ್ದೀರಿ. ಮೊದಲನೇ ಲಕೋಟೆಗೆ ಚಿತ್ರ ಸಾಕು. ನಲವತ್ತರ ತನಕ ಬಂದಿದ್ದೀರಿ ಅಂದರೆ ಬೇರೇನೋ ಹಿಡಿದಿದೆ.

ಚಿತ್ರದ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅದು ಸುಳ್ಳು, ಚೆಂದದ ಸುಳ್ಳು. ಆ ಉದ್ದ ಕಾಲು, ಒಂದು ಹಿಡಿ ಸೊಂಟ, ಕೈಗೆ ಗ್ಲೌಸು, ತಲೆ ಮೇಲೆ ಓರೆ ಟೋಪಿ, ಇವೆಲ್ಲ ಕಲಾವಿದನ ಕೈಚಳಕ. ಲಕೋಟೆಯ ಹಿಂಬದಿಯಲ್ಲಿ ಚಿಕ್ಕದಾಗಿ ಗೆರೆಯಲ್ಲಿ ಬರೆದ ಹಿಂದು-ಮುಂದಿನ ಚಿತ್ರ ಇರುತ್ತದಲ್ಲ, ಬಟ್ಟೆ ನಿಜವಾಗಿ ಇರುವುದು ಹಾಗೆ. ಹೊಲಿಗೆ ಬಲ್ಲವರು ಮೊದಲು ಲಕೋಟೆ ತಿರುಗಿಸುತ್ತಾರೆ.

ಇಷ್ಟಕ್ಕೂ ಈ ಲಕೋಟೆಗಳು ಹುಟ್ಟಿದ್ದು ಹೇಗೆ? ಅಳತೆಗೆ ತಕ್ಕ ಕಾಗದದ ಪ್ಯಾಟರ್ನನ್ನು ದೊಡ್ಡ ವ್ಯಾಪಾರ ಮಾಡಿದವನು ಎಬೆನೀಜರ್ ಬಟರಿಕ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಟರ್ಲಿಂಗ್ ಊರಿನ ಟೇಲರ್. 1863ರಲ್ಲಿ ಮಾರಲು ಶುರು ಮಾಡಿದ. ಮಗನ ಬಟ್ಟೆಗೆ ಅಳತೆ ಹಿಗ್ಗಿಸಿ ಕುಗ್ಗಿಸಿ ಸಾಕಾದ ಹೆಂಡತಿ ಎಲೆನ್‌ಳೇ ಈ ಉಪಾಯ ಹೇಳಿಕೊಟ್ಟಳು ಅಂತ ಕಥೆ. ನನಗಂತೂ ನಂಬಬೇಕು ಅನ್ನಿಸುತ್ತದೆ. ಅವನಿಗಿಂತ ಮುಂಚೆಯೂ ಕಾಗದದ ಪ್ಯಾಟರ್ನುಗಳಿದ್ದವು. ನ್ಯೂಯಾರ್ಕಿನಲ್ಲಿ ಮೇಡಂ ಡೆಮೊರೆಸ್ಟ್ ಅವರದು ಆಗಲೇ ಹೆಸರಾಗಿತ್ತು. ಆದರೆ ಆಗಿನವು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಬರುತ್ತಿದ್ದವು, ನಿಮ್ಮ ಮೈಗೆ ನೀವೇ ಹೊಂದಿಸಿಕೊಳ್ಳಬೇಕಿತ್ತು. ಬಟರಿಕ್ ಒಂದೇ ಅಂಗಿಯನ್ನು ಬೇರೆ ಬೇರೆ ಅಳತೆಗಳಲ್ಲಿ ಕತ್ತರಿಸಿ ಕೊಟ್ಟ. ಮೊದಮೊದಲು ಗಂಡಸರ ಮತ್ತು ಹುಡುಗರ ಬಟ್ಟೆ, 1866ರ ಹೊತ್ತಿಗೆ ಹೆಂಗಸರದ್ದು. 1870ರಲ್ಲಿ ಜೇಮ್ಸ್ ಮೆಕಾಲ್ ಬಂದ, ಅವನೂ ಟೇಲರ್. 1899ರಲ್ಲಿ ವೋಗ್ ಅನ್ನುವ ಫ್ಯಾಷನ್ ಪತ್ರಿಕೆ ಕೂಪನ್ ಕತ್ತರಿಸಿ ಕಳಿಸಿದವರಿಗೆ ಪ್ಯಾಟರ್ನ್ ಕೊಡತೊಡಗಿತು. ಸಿಂಪ್ಲಿಸಿಟಿ ಶುರುವಾದದ್ದು 1927ರಲ್ಲಿ. ನಿಮ್ಮ ನಲವತ್ತರಲ್ಲಿ ಮುಕ್ಕಾಲು ಪಾಲು ಈ ನಾಲ್ಕು ಹೆಸರುಗಳೇ ಇರುತ್ತವೆ, ಬೇಕಾದರೆ ಎಣಿಸಿ.

"ಹಾಲಿವುಡ್ ಪ್ಯಾಟರ್ನ್" ಅಂತ ಬರೆದು, ಮೂಲೆಯಲ್ಲಿ ಸಿನಿಮಾ ನಟಿಯ ಫೋಟೋ ಇರುವ ಲಕೋಟೆ ನಿಮ್ಮಲ್ಲಿದ್ದರೆ ಅದೃಷ್ಟವಂತರು. ವೋಗ್ ನಡೆಸುತ್ತಿದ್ದ ಕೊಂಡೆ ನಾಸ್ಟ್ ಸಂಸ್ಥೆಯೇ 1932ರಿಂದ 1947ರವರೆಗೆ ಅದನ್ನೂ ನಡೆಸಿತು. ಬೆಲೆ 15 ಸೆಂಟ್. ಆ ಕಾಲದ ವೋಗ್ ಪ್ಯಾಟರ್ನ್ ದುಬಾರಿ, ಇದು ಜನಸಾಮಾನ್ಯರದ್ದು. ಈಗ ನೋಡಿದರೆ ಸಂಗ್ರಹ ಮಾಡುವವರು ಮುಗಿಬೀಳುವುದು ಇದಕ್ಕೇ.

ಈಗ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಎಲ್ಲಕ್ಕಿಂತ ಹಳೆಯದು ಅನ್ನಿಸುವ ಲಕೋಟೆ ತೆಗೆದು, ಒಂದೇ ಒಂದು ಪೀಸನ್ನು ಮೇಜಿನ ಮೇಲೆ ಬಿಡಿಸಿ. ಫ್ಯಾನ್ ಆಫ್ ಮಾಡಿ. ಕಿಟಕಿಯನ್ನೂ ಮುಚ್ಚಿ.

ಅದರ ಮೇಲೆ ಏನೂ ಅಚ್ಚಾಗಿಲ್ಲದಿದ್ದರೆ ಗಾಬರಿಯಾಗಬೇಡಿ. ಹಳೆಯ ಪ್ಯಾಟರ್ನುಗಳು ಹಾಗೇ. ಟಿಶ್ಯೂ ಕಾಗದವನ್ನು ಅಟ್ಟಿಯಾಗಿ ಪೇರಿಸಿ, ಒಟ್ಟಿಗೇ ಕತ್ತರಿಸಿ, ತೂತು ಹೊಡೆದು ಲಕೋಟೆಗೆ ಹಾಕುತ್ತಿದ್ದರು. ಗೆರೆ ಇಲ್ಲ, ಬಾಣ ಇಲ್ಲ, "ಇಲ್ಲಿ ಹೊಲಿಯಿರಿ" ಅನ್ನುವ ಮಾತಿಲ್ಲ. ಒಂದು ದೊಡ್ಡ ಅಕ್ಷರ ಇರುತ್ತದೆ, ಅದೂ ತೂತುಗಳಲ್ಲೇ ಬರೆದದ್ದು. ಅಂಚಿನಲ್ಲಿ ಸಣ್ಣ ಕಚ್ಚುಗಳು. ಮಧ್ಯೆ ಸಾಲು ತೂತು, ಕೆಲವು ದೊಡ್ಡವು, ಕೆಲವು ಚಿಕ್ಕವು. ಡಾರ್ಟ್, ಅಂದರೆ ಬಟ್ಟೆ ಮೈಗೆ ಕೂರಲು ಹಿಡಿಯುವ ಮೊನಚು ಮಡಿಕೆ, ಎಲ್ಲಿ ಅನ್ನುವುದನ್ನು ಚಿಕ್ಕ ತೂತುಗಳ ಜಾಡು ಹಿಡಿದು ಕಂಡುಕೊಳ್ಳಬೇಕು. ಒಂದು ಅಂಚಿನ ಉದ್ದಕ್ಕೂ ಮೂರು ಮೂರು ತೂತು ಗುಂಪಾಗಿದ್ದರೆ ಕೆಲವು ಕಂಪನಿಗಳಲ್ಲಿ ಅದು ಬಟ್ಟೆಯ ಮಡಿಕೆಗೆ ಇಡಬೇಕಾದ ಅಂಚು. ದೊಡ್ಡ ತೂತುಗಳ ಸಾಲು ಉದ್ದೆಳೆ, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ಎಳೆಯ ದಿಕ್ಕು, ತೋರಿಸುತ್ತದೆ. ಒಂದೊಂದು ಕಂಪನಿಯದೂ ಒಂದೊಂದು ಭಾಷೆ, ಹಾಗಾಗಿ ಸೂಚನೆ ಹಾಳೆ ಕಳೆದುಹೋಗಿದ್ದರೆ ಒಗಟು ಬಿಡಿಸಿದ ಹಾಗೇ. ಬೆಳಕಿಗೆ ಎತ್ತಿ ಹಿಡಿದರೆ ಮಾತ್ರ ಎಲ್ಲ ತೂತುಗಳೂ ಕಾಣುತ್ತವೆ. ನಾನು ಮೊದಲ ಸಲ ಹಾಗೆ ಹಿಡಿದಾಗ ಇದು ಬಟ್ಟೆಯ ನಕ್ಷೆ ಅನ್ನುವುದಕ್ಕಿಂತ ನಕ್ಷತ್ರಗಳ ನಕ್ಷೆ ಅನ್ನಿಸಿತು. ತೋಳು ಅಂದುಕೊಂಡದ್ದು ಕಾಲರ್ ಆಗಿತ್ತು, ಆ ಮಾತು ಬೇರೆ.

ಪೀಸಿನ ಮೇಲೆ ಗೆರೆಗಳನ್ನು ಅಚ್ಚು ಹಾಕಿ ಕೊಡುವ ಪದ್ಧತಿ ತಂದದ್ದು ಮೆಕಾಲ್, 1920ರ ಸುಮಾರಿಗೆ. ಅದಕ್ಕೆ ಪೇಟೆಂಟ್ ಇತ್ತು, 1938ರವರೆಗೆ ಬೇರೆಯವರು ಹಾಗೆ ಮಾಡುವಂತಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಅಚ್ಚಿಗೆ ಬಂದರು. ವೋಗ್ ಮಾತ್ರ ತೂತುಗಳನ್ನು 1950ರ ದಶಕದಲ್ಲೂ ಬಹುಕಾಲ ಬಿಡಲಿಲ್ಲ. ತೂತಿನ ಪ್ಯಾಟರ್ನೇ ಕರಾರುವಾಕ್ಕು ಅನ್ನುವ ವಾದವೂ ಆಗ ಇತ್ತು. ಅಚ್ಚಾದ ಗೆರೆಯ ಮೇಲೆ ಕತ್ತರಿಸುವವರ ಕೈ ಅಲುಗಬಹುದು, ಮೊದಲೇ ಕತ್ತರಿಸಿದ್ದರಲ್ಲಿ ಅದಿಲ್ಲ ಅಂತ. ಅಟ್ಟಿಯಾಗಿ ಕತ್ತರಿಸುವಾಗ ಮೇಲಿನ ಹಾಳೆಗೂ ಅಡಿಯ ಹಾಳೆಗೂ ಸ್ವಲ್ಪ ವ್ಯತ್ಯಾಸ ಬರುತ್ತಿದ್ದದ್ದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ.

ಇಲ್ಲಿಂದಲೇ ಕಾಲ ಗುರುತಿಸುವ ವಿಷಯಕ್ಕೆ ಬರಬಹುದು. ಲಕೋಟೆ ಮೇಲಿನ ನಂಬರನ್ನೇ ನಂಬಬೇಡಿ. ನಾನು ಒಮ್ಮೆ ನಂಬಿ ಕೆಟ್ಟಿದ್ದೇನೆ. 1930ರ ದಶಕದ್ದು ಅಂತ ಮಾರುವವರು ಹೇಳಿದರು, ನಂಬರೂ ತಾಳೆಯಾಯಿತು, ದುಡ್ಡು ಕೊಟ್ಟು ತಂದೆ. ಬಂದದ್ದು 1950ರ ದಶಕದ ಮನೆ ಕೋಟು. ಕಂಪನಿಗಳು ನಂಬರ್ 9999 ತಲುಪುತ್ತಿದ್ದ ಹಾಗೆ ಮತ್ತೆ ಕೆಳಗಿನಿಂದ ಶುರು ಮಾಡುತ್ತಿದ್ದವು. ಒಂದೇ ನಂಬರು ಬೇರೆ ಬೇರೆ ದಶಕಗಳಲ್ಲಿ ಮರಳಿ ಬರುತ್ತದೆ.

ಮೊದಲು ಇಸವಿ ಹುಡುಕಿ. ಮೆಕಾಲ್ ಲಕೋಟೆಗಳಲ್ಲಿ ಬಹಳ ಹಿಂದಿನಿಂದಲೂ ಇಸವಿ ಅಚ್ಚಾಗಿರುತ್ತದೆ. ಸಿಂಪ್ಲಿಸಿಟಿಯಲ್ಲಿ ಸೂಚನೆ ಹಾಳೆಯ ಮೂಲೆಯನ್ನೂ ನೋಡಿ. ಬಟರಿಕ್, ವೋಗ್ ಈ ವಿಷಯದಲ್ಲಿ ಜಿಪುಣರು. ಇಸವಿ ಇಲ್ಲದಿದ್ದರೆ ಕಂಪನಿಯ ವಿಳಾಸ ನೋಡಿ. ಅಮೆರಿಕದ ವಿಳಾಸದ ಕೊನೆಯಲ್ಲಿ ಐದು ಅಂಕಿಯ ಪಿನ್ ಇದ್ದರೆ ಅದು 1963ರ ನಂತರದ್ದೇ, ಯಾಕೆಂದರೆ ಅಲ್ಲಿ ಆ ಪದ್ಧತಿ ಬಂದದ್ದೇ ಆ ವರ್ಷ. ಊರಿನ ಹೆಸರಿನ ಪಕ್ಕ ಒಂದೋ ಎರಡೋ ಅಂಕಿ ಮಾತ್ರ ಇದ್ದರೆ 1943ರಿಂದ 1963ರ ನಡುವೆ. ನನ್ನ ಮಟ್ಟಿಗೆ ಇದಕ್ಕಿಂತ ಸುಲಭದ ಗುರುತು ಇನ್ನೊಂದಿಲ್ಲ.

ಆಮೇಲೆ ಅಳತೆ. ಇದು ಸ್ವಲ್ಪ ತಮಾಷೆಯಾಗಿದೆ. 34 ಇಂಚು ಎದೆಯ ಹೆಂಗಸು 1950ರ ದಶಕದ ನಡುವಿನವರೆಗೆ 16ನೇ ಸೈಜಿನವಳು. ಅದಾದಮೇಲೆ ಅವಳೇ 14. 1960ರ ದಶಕದ ಕೊನೆಗೆ, ಅಂಗಡಿಯ ಸಿದ್ಧ ಉಡುಪಿನ ಸೈಜಿಗೆ ಹತ್ತಿರ ತರುತ್ತೇವೆ ಅಂತ ಕಂಪನಿಗಳೆಲ್ಲ ಸೇರಿ ಪಟ್ಟಿ ಬದಲಾಯಿಸಿದವು. ಆಗ ಅವಳು 12. ಒಂದು ಇಂಚೂ ಕರಗದೆ ಎರಡು ಸೈಜು ಇಳಿದಳು! ಹಾಗಾಗಿ ಲಕೋಟೆಯಲ್ಲಿ ಸೈಜ್ ಮತ್ತು ಎದೆ ಅಳತೆ ಎರಡನ್ನೂ ಒಟ್ಟಿಗೆ ಓದಿದರೆ ಕಾಲದ ಅಂದಾಜು ಸಿಗುತ್ತದೆ.

ಬಟ್ಟೆಯ ಬಾಯಿ ಎಲ್ಲಿ ಮುಚ್ಚುತ್ತದೆ ಅನ್ನುವುದೂ ಹೇಳುತ್ತದೆ. ಎಡ ಪಕ್ಕೆಯಲ್ಲಿ ಪ್ರೆಸ್ ಬಟನ್ನೋ ಹುಕ್ಕೋ ಇದ್ದರೆ ಹಳೆಯದು. ಅದೇ ಜಾಗಕ್ಕೆ ಲೋಹದ ಜಿಪ್ 1930ರ ದಶಕದಲ್ಲಿ ಬರತೊಡಗಿತು. ಬೆನ್ನಿನ ಉದ್ದಕ್ಕೂ ಜಿಪ್ ಸಾಮಾನ್ಯವಾದದ್ದು ಆಮೇಲೆ. ಲಂಗದ ಘೇರನ್ನೂ ನೋಡಿ. 1942ರಲ್ಲಿ ಅಮೆರಿಕದ ಸರ್ಕಾರ ಯುದ್ಧಕ್ಕೆ ಬಟ್ಟೆ ಉಳಿಸಲು ಎಲ್-85 ಅನ್ನುವ ಆದೇಶ ತಂದಿತು. ಸಿದ್ಧ ಉಡುಪಿನಲ್ಲಿ ಘೇರು, ಅಂಚಿನ ಮಡಿಕೆ ಎಲ್ಲಕ್ಕೂ ಮಿತಿ. ಪ್ಯಾಟರ್ನುಗಳೂ ಅದೇ ಹಾದಿ ಹಿಡಿದವು. ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೇ ರೇಷನ್. ಗಂಡಸಿನ ಹಳೆ ಸೂಟು ಬಿಚ್ಚಿ ಹೆಂಗಸಿನ ಸೂಟು ಮಾಡುವ ಪ್ಯಾಟರ್ನುಗಳು ಬಂದದ್ದು ಆ ವರ್ಷಗಳಲ್ಲೇ. ಗಂಡ ಯುದ್ಧದಲ್ಲಿದ್ದಾನೆ, ಸೂಟು ಬೀರುವಿನಲ್ಲಿ ನೇತಾಡುತ್ತಿದೆ, ಹೆಂಡತಿ ಕತ್ತರಿ ಹಿಡಿದು ನಿಂತಿದ್ದಾಳೆ. ಆ ಲಕೋಟೆ ನೋಡುವಾಗೆಲ್ಲ ಅವಳ ಕೈ ಒಂದು ಕ್ಷಣ ತಡೆದಿರಬೇಕು ಅನ್ನಿಸುತ್ತದೆ. 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ವಸ್ತ್ರ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಮಾರುಗಟ್ಟಲೆ ಬಟ್ಟೆ ಸುರಿದು ಅಗಲ ಲಂಗ ತೋರಿಸಿದ. ಅದಾದ ಒಂದೆರಡು ವರ್ಷದಲ್ಲಿ ಎಲ್ಲ ಲಕೋಟೆಗಳ ಮೇಲೂ ಲಂಗ ಕೊಡೆಯ ಹಾಗೆ ಅರಳಿತು.

ಇಷ್ಟೆಲ್ಲ ಆದರೂ ಗೊತ್ತಾಗದಿದ್ದರೆ ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಪ್ಯಾಟರ್ನುಗಳದ್ದೇ ಒಂದು ದೊಡ್ಡ ಸಂಗ್ರಹ ಇದೆ, ಹೆಸರು ಕಮರ್ಷಿಯಲ್ ಪ್ಯಾಟರ್ನ್ ಆರ್ಕೈವ್. ಅವರ ಡಿಜಿಟಲ್ ಪಟ್ಟಿಯಲ್ಲಿ ಸಾವಿರಾರು ಲಕೋಟೆಗಳ ಚಿತ್ರ ಇಸವಿ ಸಮೇತ ಇವೆ. ನಿಮ್ಮ ಮನೆಯವರಿಗೆ ಇದನ್ನು ತಪ್ಪದೆ ಹೇಳಿ. ವಿಶ್ವವಿದ್ಯಾಲಯವೇ ಕೂಡಿಡುತ್ತಿದೆ ಅಂದಮೇಲೆ ನಿಮ್ಮ ನಲವತ್ತು ಯಾವ ಲೆಕ್ಕ, ಅಲ್ವಾ?

ಈಗ ನನ್ನ ಒಂದು ತಕರಾರು. ಈ ವ್ಯಾಪಾರದಲ್ಲಿ "ಅನ್‌ಕಟ್", "ಫ್ಯಾಕ್ಟರಿ ಫೋಲ್ಡ್" ಅನ್ನುವ ಮಾತುಗಳನ್ನು ಕೇಳಿರುತ್ತೀರಿ. ಯಾರೂ ಮುಟ್ಟದ, ಕಾರ್ಖಾನೆಯ ಮಡಿಕೆಯಲ್ಲೇ ಇರುವ ಪ್ಯಾಟರ್ನ್ ಅಂತ ಅರ್ಥ. ಅದಕ್ಕೆ ಬೆಲೆ ಜಾಸ್ತಿ. ಎಲ್ಲ ಪೀಸೂ ಇರುತ್ತವೆ ಅನ್ನುವ ಧೈರ್ಯ ಇರುವುದರಿಂದ ಜಾಸ್ತಿ ಇರುವುದು ನ್ಯಾಯವೇ. ಆದರೆ ನನಗೆ ಇಷ್ಟ ಕತ್ತರಿಸಿದವು.

ನನ್ನ ಹತ್ತಿರ 1950ರ ದಶಕದ ಶುರುವಿನ ಒಂದು ಸಿಂಪ್ಲಿಸಿಟಿ ಫ್ರಾಕ್ ಇದೆ, ಸೈಜ್ 16. ಲಕೋಟೆಯ ಒಂದು ಪಕ್ಕ ಪೂರ್ತಿ ಬಿರಿದಿದೆ. ಮಾರುಕಟ್ಟೆಯಲ್ಲಿ ಅದಕ್ಕೆ ಮೂರು ಕಾಸೂ ಹುಟ್ಟುವುದಿಲ್ಲ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ "ಸೊಂಟ ಒಂದು ಇಂಚು ಬಿಡಿಸು" ಅಂತ ಬರೆದಿದೆ. ಅದರ ಕೆಳಗೆ ಬೇರೆ ದಿನ, ಬೇರೆ ಪೆನ್ಸಿಲ್ಲಿನಲ್ಲಿ, "ಎರಡು". ಲಂಗದ ಮುಂದಿನ ಪೀಸಿನ ಕೆಳ ಅಂಚಿಗೆ ಪತ್ರಿಕೆಯ ಪಟ್ಟಿಯೊಂದನ್ನು ಗೋಂದಿನಲ್ಲಿ ಅಂಟಿಸಿ ಉದ್ದ ಮಾಡಿದ್ದಾಳೆ. ಆ ಪಟ್ಟಿಯಲ್ಲಿ ಅರ್ಧ ಬೂಟಿನ ಜಾಹೀರಾತು, ಇನ್ನರ್ಧ ಹವಾಮಾನ ವರದಿ, ಮಳೆ ಬರುವ ಸಂಭವ ಅಂತ. ಕಾಲರಿನ ಪೀಸಿಗೆ ನೀಲಿ ಚೌಕಳಿಯ ಒಂದು ತುಂಡು ಬಟ್ಟೆ ಗುಂಡುಸೂಜಿಯಲ್ಲಿ ಚುಚ್ಚಿತ್ತು. ಸೂಜಿ ತುಕ್ಕು ಹಿಡಿದು ಕಾಗದಕ್ಕೆ ಎರಡು ಕಂದು ಚುಕ್ಕೆ ಬಿಟ್ಟಿದೆ. ತೋಳಿನ ಪೀಸು ಮಾತ್ರ ಇಲ್ಲ. ಬೇರೆ ಫ್ರಾಕಿಗೆ ಅದನ್ನೇ ಇಟ್ಟುಕೊಂಡಿರಬೇಕು. ಒಳ್ಳೆಯ ತೋಳು ಸಿಕ್ಕರೆ ಯಾರು ಬಿಡುತ್ತಾರೆ? ಅವಳ ಹೆಸರು ಗೊತ್ತಿಲ್ಲ, ಸೊಂಟ ಮಾತ್ರ ಗೊತ್ತು. ಮುಟ್ಟದ ಲಕೋಟೆ ಇಷ್ಟು ಮಾತಾಡುತ್ತದೆಯೇ?

ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ, ನೀವೂ ಹೇಳಬೇಡಿ. ಬಹಳ ಮಂದಿ ಮನೆಯಲ್ಲಿ ಹೊಲಿದದ್ದು ಕೊಳ್ಳುವಷ್ಟು ದುಡ್ಡಿಲ್ಲದೆ. ದಿನವೆಲ್ಲ ದುಡಿದು, ಮಕ್ಕಳು ಮಲಗಿದ ಮೇಲೆ ಕತ್ತರಿ ಹಿಡಿದವರೇ ಜಾಸ್ತಿ ಇರಬೇಕು. ಪತ್ರಿಕೆಯ ಪಟ್ಟಿ ಅಂಟಿಸಿ ಲಂಗ ಉದ್ದ ಮಾಡಿದವಳಿಗೆ ಅದು ಹಳೆಯ ಮೋಡಿಯೂ ಅಲ್ಲ, ಗೀಡಿಯೂ ಅಲ್ಲ. ಬೇರೆ ಟಿಶ್ಯೂ ಇರಲಿಲ್ಲ, ಅಷ್ಟೆ. ಇದು ನೆನಪಿದ್ದರೆ ಲಕೋಟೆಯ ಚಿತ್ರ ನೋಡುವ ಕಣ್ಣು ಸ್ವಲ್ಪ ಬದಲಾಗುತ್ತದೆ.

ಹೊಲಿಯಬಹುದೇ ಅಂದಿರಿ. ಖಂಡಿತ. ಅಷ್ಟಕ್ಕಷ್ಟೆ ಹೊಲಿಗೆ ಬರುವವರು ಏಪ್ರನ್‌ನಿಂದಲೋ 1960ರ ದಶಕದ ನೇರ ಫ್ರಾಕಿನಿಂದಲೋ ಶುರು ಮಾಡಿ. 1930ರ ದಶಕದ ಓರೆ ಎಳೆಯ, ಅಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹೊಲಿಯುವ, ಗೌನಿಗೆ ಕೈ ಹಾಕಬೇಡಿ, ಅದು ನಿಮ್ಮನ್ನು ಅಳಿಸಿಬಿಡುತ್ತದೆ. ಮೂಲ ಟಿಶ್ಯೂವನ್ನು ಮಾತ್ರ ಎಂದೂ ಕತ್ತರಿಸಬೇಡಿ, ಅದಕ್ಕೆ ಗುಂಡುಸೂಜಿಯನ್ನೂ ಚುಚ್ಚಬೇಡಿ. ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಭಾರಕ್ಕೆ ನಾಲ್ಕು ಚಮಚ ಇಟ್ಟು, ಮೆತ್ತಗಿನ ಪೆನ್ಸಿಲ್ಲಿನಲ್ಲಿ ನಕಲು ತೆಗೆಯಿರಿ. ತೂತು, ಕಚ್ಚು ಒಂದನ್ನೂ ಬಿಡಬೇಡಿ. ಕಷ್ಟ ಅನ್ನಿಸಿದರೆ ಬುರ್ಡಾ ಪತ್ರಿಕೆಯ ಓದುಗರನ್ನು ನೆನೆದುಕೊಳ್ಳಿ. 1950ರಲ್ಲಿ ಜರ್ಮನಿಯಲ್ಲಿ ಎನ್ನೆ ಬುರ್ಡಾ ಶುರು ಮಾಡಿದ ಆ ಪತ್ರಿಕೆಯಲ್ಲಿ ಒಂದೇ ಹಾಳೆಯ ಮೇಲೆ ಹತ್ತಾರು ಬಟ್ಟೆಗಳ ಗೆರೆಗಳು ಒಂದರ ಮೇಲೊಂದು ಹರಿದಾಡುತ್ತವೆ, ರೈಲ್ವೆ ಜಂಕ್ಷನ್ ಹಾಗೆ. ಅದರಲ್ಲಿ ನಿಮಗೆ ಬೇಕಾದ ತೋಳನ್ನು ಹುಡುಕಿ ತೆಗೆದವರಿಗೆ ಯಾವ ಪ್ಯಾಟರ್ನೂ ಲೆಕ್ಕಕ್ಕಿಲ್ಲ.

ಸೈಜ್ ಅಂಕಿ ಮರೆತುಬಿಡಿ, ಎದೆ ಅಳತೆ ನೋಡಿ ಆರಿಸಿ. ಸೊಂಟ ಕೂಡಿಬರುವುದಿಲ್ಲ ಅಂತ ಈಗಲೇ ತಿಳಿದುಕೊಂಡಿರಿ. 1950ರ ದಶಕದ ಶುರುವಿನ 16ನೇ ಸೈಜಿನ ಪಟ್ಟಿ ಎದೆ, ಸೊಂಟ, ನಿತಂಬಕ್ಕೆ 34-28-37 ಇಂಚು ಅನ್ನುತ್ತದೆ. ಆ ದಶಕದ ಕೊನೆಯ 14ರ ಪಟ್ಟಿಯಲ್ಲಿ ಅದೇ ಎದೆಗೆ ಸೊಂಟ 26ಕ್ಕೆ ಇಳಿದಿದೆ. ಹೆಂಗಸರು ಸೊರಗಿದರು ಅಂತ ತಿಳಿಯಬೇಡಿ. ಒಳಗೆ ಸೊಂಟ ಬಿಗಿಯುವ ಒಳ ಉಡುಪು, ಗರ್ಡಲ್, ಇರುತ್ತದೆ ಅನ್ನುವುದು ಲೆಕ್ಕದಲ್ಲಿ ಸೇರಿದೆ. ಬ್ರಾ ಕೂಡ ಬೇರೆ ಥರದ್ದು. ಆ ಕಾಲದ ಎದೆಯ ಡಾರ್ಟ್ ಮೇಲಕ್ಕೆ, ಮೊನಚಾಗಿ ಹೋಗುತ್ತದೆ. ಈಗಿನ ಮೈಗೆ ಅದನ್ನು ಒಂದು ಇಂಚಿನ ಹತ್ತಿರ ಇಳಿಸಬೇಕಾಗಬಹುದು. ಹೊಲಿಗೆಯ ಆಚೆ ಬಿಡುವ ಮಾರ್ಜಿನ್ ಎಷ್ಟು ಅಂತ ಸೂಚನೆ ಹಾಳೆಯಲ್ಲೇ ಓದಿ. ಈಗಿನ 5/8 ಇಂಚು ಎಲ್ಲ ಕಾಲಕ್ಕೂ ಇದ್ದದ್ದಲ್ಲ, ಹಳೆಯವುಗಳಲ್ಲಿ ಅರ್ಧ ಇಂಚು, ಅದಕ್ಕಿಂತ ಕಮ್ಮಿಯೂ ಇದೆ. ಎಷ್ಟು ಬಟ್ಟೆ ಬೇಕು ಅನ್ನುವ ಪಟ್ಟಿಯನ್ನೂ ಹಾಗೇ ನಂಬಬೇಡಿ. ಅದು 35 ಮತ್ತು 39 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಗೆ ಹಾಕಿದ ಲೆಕ್ಕ. ನಿಮ್ಮ ಬಟ್ಟೆಯ ಪನ್ನ 45 ಇದ್ದರೆ ಪೀಸುಗಳನ್ನು ನೆಲದ ಮೇಲೆ ಹರಡಿ ನೀವೇ ಲೆಕ್ಕ ಹಾಕಿ. ಮೊದಲು ಕೋರಾ ಬಟ್ಟೆಯಲ್ಲಿ ಒಂದು ಹೊಲಿದು ನೋಡುವುದನ್ನು ಯಾರೂ ಇಷ್ಟಪಡುವುದಿಲ್ಲ. ನಾನೂ ಇಷ್ಟಪಡುವುದಿಲ್ಲ. ಆದರೂ ಮಾಡುತ್ತೇನೆ.

ಸೂಚನೆ ಹಾಳೆಯ ಭಾಷೆಗೂ ಸಿದ್ಧವಾಗಿರಿ. "ತೋಳನ್ನು ಎಂದಿನಂತೆ ಕೂಡಿಸಿ" ಅಂತ ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಎಂದಿನಂತೆ ಅಂದರೆ ಹೇಗೆ ಅಂತ ಕೇಳುವವರು ಆಗ ಕಮ್ಮಿ ಇದ್ದರು.

ಇಷ್ಟು ರಗಳೆ ಬೇಡ ಅನ್ನಿಸಿದರೆ ಕಂಪನಿಗಳೇ ಹಳೆಯ ಪ್ಯಾಟರ್ನುಗಳನ್ನು ಈಗಿನ ಸೈಜಿನಲ್ಲಿ ಮತ್ತೆ ತರುತ್ತವೆ. 1952ರ ಬಟರಿಕ್ 6015 ಬಹಳ ಹೆಸರಾದದ್ದು, "ವಾಕ್‌ಅವೇ" ಫ್ರಾಕ್. ಬೆಳಗ್ಗೆ ಕತ್ತರಿಸಲು ಕೂತರೆ ಮಧ್ಯಾಹ್ನದ ಊಟಕ್ಕೆ ತೊಟ್ಟುಕೊಂಡೇ ಹೋಗಬಹುದು ಅಂತ ಅದರ ಹೆಗ್ಗಳಿಕೆ. ಹಿಂದಿನ ಅಗಲ ಲಂಗ ಸುತ್ತಿ ಮುಂದೆ ಬಂದು ಗುಂಡಿಗೆ ಸೇರುತ್ತದೆ. ಅದೇ ಆಮೇಲೆ 4790 ಅನ್ನುವ ನಂಬರಿನಲ್ಲಿ ಮರಳಿ ಬಂತು. ಹೊಲಿದ ಅನೇಕರ ದೂರು ಒಂದೇ. ಲಂಗದ ಭಾರಕ್ಕೆ ಮುಂಭಾಗ ಜಗ್ಗುತ್ತದೆ, ಕಂಕುಳ ಹತ್ತಿರ ಬಾಯಿ ಬಿಡುತ್ತದೆ. ಮರುಮುದ್ರಣಗಳಲ್ಲಿ ಸಡಿಲ ಜಾಸ್ತಿ ಇಡುತ್ತಾರೆ, ಅದಕ್ಕೇ ಮೂಲದ ಹಾಗೆ ಮೈಗೆ ಕಚ್ಚಿ ಕೂರುವುದಿಲ್ಲ. ಊಟದ ಹೊತ್ತಿಗೆ ಮುಗಿಯುವುದೂ ಇಲ್ಲ. ಅಂಚಿಗೆ ಹಾಕುವ ಓರೆ ಪಟ್ಟಿ, ಕ್ರಾಸ್ ಪೀಸ್, ಒಂದೇ ಅರ್ಧ ದಿನ ತಿನ್ನುತ್ತದೆ.

ಇನ್ನು ಕಾಪಾಡುವ ಮಾತು. ಟಿಶ್ಯೂಗೆ ಅದರ ಜೊತೆಗಿರುವ ಸೂಚನೆ ಹಾಳೆಯೇ ದೊಡ್ಡ ಶತ್ರು. ಎಷ್ಟೋ ಲಕೋಟೆಗಳಲ್ಲಿ ಅದು ಪತ್ರಿಕೆಯ ಕಾಗದದಂಥ ಅಗ್ಗದ ಕಾಗದ, ಆಮ್ಲ ಜಾಸ್ತಿ. ಕಂದಾಗುತ್ತಾ ಹೋಗಿ ಪಕ್ಕದ ಟಿಶ್ಯೂಗೂ ಬಣ್ಣ ಹಚ್ಚುತ್ತದೆ. ಎರಡರ ನಡುವೆ ಆಮ್ಲವಿಲ್ಲದ ಕಾಗದ ಇಡಿ, ಇಲ್ಲವೇ ಬೇರೆ ಬೇರೆಯಾಗಿ ಇಟ್ಟುಬಿಡಿ. ಹೊರಗಿನ ಚೀಲ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರಿನದ್ದಾಗಲಿ, ಪಿವಿಸಿ ಬೇಡ. ಪೆಟ್ಟಿಗೆಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿ, ಒತ್ತಿ ತುಂಬಬೇಡಿ. ಬಿಸಿಲು, ತೇವ ಎರಡೂ ಆಗದು. ತೇವ ಇದ್ದರೆ ಸಿಲ್ವರ್‌ಫಿಶ್ ಹುಳ ಬರುತ್ತದೆ, ಅದಕ್ಕೆ ಹಳೆಯ ಗೋಂದು ಅಂದರೆ ಪ್ರಾಣ. ಮುಗ್ಗಲು ವಾಸನೆ ಇದ್ದರೆ ನೆರಳಿನಲ್ಲಿ ಗಾಳಿಗೆ ಹರಡಿ. ಹೋಗದಿದ್ದರೆ ಮುಚ್ಚಿದ ಡಬ್ಬದಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ಜೊತೆ ಒಂದು ವಾರ ಇಡಿ. ಸೋಡಾ ಕಾಗದಕ್ಕೆ ತಾಗಬಾರದು.

ಹರಿದದ್ದಕ್ಕೆ ಸೆಲೋಟೇಪ್ ಹಚ್ಚಬೇಡಿ. ಇಪ್ಪತ್ತು ವರ್ಷದಲ್ಲಿ ಅದು ಉದುರಿಹೋಗುತ್ತದೆ, ಅಂಟು ಮಾತ್ರ ಕಂದು ಪಟ್ಟಿಯಾಗಿ ಉಳಿಯುತ್ತದೆ. ಸುಕ್ಕು ತೆಗೆಯಬೇಕಾದರೆ ಇಸ್ತ್ರಿಯನ್ನು ಎಲ್ಲಕ್ಕಿಂತ ಕಡಿಮೆ ಬಿಸಿಗೆ ಇಟ್ಟು, ನೀರು ಪೂರ್ತಿ ಚೆಲ್ಲಿ, ಮೇಲೊಂದು ತೆಳು ಬಟ್ಟೆ ಹಾಕಿ ಸವರಿ. ಪೂರ್ತಿ ಚೆಲ್ಲಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಇಸ್ತ್ರಿಯ ಹೊಟ್ಟೆಯಲ್ಲಿ ಎರಡು ಹನಿ ಉಳಿದಿತ್ತು. 1930ರ ದಶಕದ ಒಂದು ಕಾಲರಿನ ಮೇಲೆ ಅದು ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಹನಿ ಬಿದ್ದ ಕಡೆ ಟಿಶ್ಯೂ ಅಪ್ಪಳದ ಹಾಗೆ ಮುದುಡಿಕೊಂಡಿತು. ಎಷ್ಟು ಒತ್ತಿದರೂ ಮತ್ತೆ ಸಪಾಟಾಗಲಿಲ್ಲ.

ಲಕೋಟೆ ಮೇಲೆ ಏನನ್ನೂ ಬರೆಯಬೇಡಿ ಅಂತ ಕಾಗದ ಕಾಪಾಡುವ ಪರಿಣತರು ಹೇಳುತ್ತಾರೆ. ಟಿಪ್ಪಣಿ ಬೇಕಿದ್ದರೆ ಬೇರೆ ಚೀಟಿಯಲ್ಲಿ ಬರೆದಿಡಬೇಕು. ಸರಿಯಾದ ಮಾತು, ನೀವು ಹಾಗೇ ಮಾಡಿ. ನಾನು ಆ ಸಿಂಪ್ಲಿಸಿಟಿ ಫ್ರಾಕನ್ನು ಹೋದ ವರ್ಷ ಹೊಲಿದೆ, ತೋಳನ್ನು ಬೇರೆ ಪ್ಯಾಟರ್ನಿನಿಂದ ಎರವಲು ತಂದು. ಮುಗಿದ ಮೇಲೆ ಲಕೋಟೆಯ ಹಿಂಬದಿಯಲ್ಲಿ, ಅವಳ "ಎರಡು" ಅನ್ನುವುದರ ಕೆಳಗೆ, ಸಣ್ಣದಾಗಿ ಪೆನ್ಸಿಲ್ಲಿನಲ್ಲಿ "ಮೂರೂವರೆ" ಅಂತ ಬರೆದೆ.